ಕೊಳೆಯದಿರುವುದೂ ಒಂದು ಗುಣ

ಬಟ್ಟೆ ತೊಳೆಯುವ ಪುಡಿಯ ರಾಸಾಯನಿಕವೊಂದು ಬೇಗ ಕೊಳೆಯುತ್ತದೆ ಎಂದರೆ ಅದಕ್ಕೆ ಒಳ್ಳೆಯ ಹೆಸರು. ಆದರೆ ಕೊಳಚೆ ನೀರಿನ ಸಂಸ್ಕರಣಾ ಘಟಕದಲ್ಲಿ (ಎಸ್‌ಟಿಪಿ) ನೀರು ಶುದ್ಧವಾದ ಮೇಲೆ ಉಳಿಯುವ ಕೆಸರಿಗೂ ಇದೇ ಅಳತೆಗೋಲು ಹಿಡಿದರೆ ಲೆಕ್ಕ ತಲೆಕೆಳಗಾಗುತ್ತದೆ. ಸಂಸ್ಕರಿಸಿದ ಕೆಸರು ಇನ್ನೂ ಭರದಿಂದ ಕೊಳೆಯುತ್ತಿದ್ದರೆ ಸಂಸ್ಕರಣೆ ಅರ್ಧಕ್ಕೇ ನಿಂತಿದೆ ಎಂದರ್ಥ.

ರೈತರಿಗೆ ಇದು ಹೊಸ ಮಾತಲ್ಲ. ತಿಪ್ಪೆಯಲ್ಲಿ ಕಳಿಯದ ಗೊಬ್ಬರವನ್ನು ಬಲ್ಲವರು ಹೊಲಕ್ಕೆ ಹೊಡೆಯುವುದಿಲ್ಲ. ಹಸಿ ಗೊಬ್ಬರ ನೆಲದೊಳಗೆ ಕೊಳೆಯತೊಡಗಿದರೆ ಬೇರಿಗೆ ಬೇಕಾದ ಆಮ್ಲಜನಕವನ್ನು ಸೂಕ್ಷ್ಮಜೀವಿಗಳೇ ಕಬಳಿಸುತ್ತವೆ. ಕೆಸರಿನಲ್ಲಾದರೆ ಅದರ ಜೊತೆಗೆ ನಾತ, ನೊಣ, ರೋಗಾಣು.

ಕೆಸರಿನ ಬಳಕೆ ಕುರಿತ ಅಮೆರಿಕದ 1993ರ ನಿಯಮಗಳು ಈ ತರ್ಕದ ಮೇಲೆಯೇ ನಿಂತಿವೆ. ಅವು ಕೊಡುವ ದಾರಿಗಳಲ್ಲಿ ಒಂದರ ಪ್ರಕಾರ, ಗಾಳಿಯೂಡಿ ಸಂಸ್ಕರಿಸಿದ ಕೆಸರಿನ ಪ್ರತಿ ಗ್ರಾಂ ಒಣ ಪದಾರ್ಥ 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ಗಂಟೆಗೆ 1.5 ಮಿಲಿಗ್ರಾಂಗಿಂತ ಹೆಚ್ಚು ಆಮ್ಲಜನಕ ಹೀರಬಾರದು. ಗಾಳಿಯಿಲ್ಲದ ತೊಟ್ಟಿಯಲ್ಲಿ ಕಳಿತ ಕೆಸರಿಗೆ ಇನ್ನೊಂದು ದಾರಿಯಿದೆ: ಪ್ರಯೋಗಾಲಯದಲ್ಲಿ 30ರಿಂದ 37 ಡಿಗ್ರಿಯಲ್ಲಿ ಮತ್ತೆ 40 ದಿನ ಕೊಳೆಯಲು ಬಿಟ್ಟರೂ ಅದರ ಸಾವಯವ ಘನಾಂಶದ ಇಳಿಕೆ ಶೇ. 17ಕ್ಕಿಂತ ಕಡಿಮೆಯಿರಬೇಕು. ಕಡಿಮೆ ಕೊಳೆತಷ್ಟೂ ಒಳ್ಳೆಯದು.

ಹಾಗಾದರೆ ಹೀಗೆ ಆಮ್ಲಜನಕ ಹೀರುವ ಸೂಕ್ಷ್ಮಜೀವಿಗಳ ಉಸಿರಾಟ ಕಡಿಮೆಯಿರುವ ಕೆಸರೆಲ್ಲ ಕ್ಷೇಮವೇ? ಅಲ್ಲ. ನನ್ನ ತಕರಾರು ಇರುವುದು ಇಲ್ಲೇ. ತಿನ್ನಲು ಏನೂ ಉಳಿಯದೆ ಜೀವಿಗಳು ಸುಮ್ಮನಾಗಿರಬಹುದು. ಕ್ರೋಮಿಯಂ, ಸತುವಿನಂಥ ಲೋಹಗಳ ವಿಷದಿಂದ ಸುಮ್ಮನಾಗಿರಲೂಬಹುದು. ಕೆಸರು ಒಣಗಿದ್ದರಿಂದ ನಿದ್ದೆಗೆ ಜಾರಿರಲೂಬಹುದು. ಮೂರಕ್ಕೂ ಆಮ್ಲಜನಕ ಅಳೆಯುವ ಮೀಟರು ತೋರಿಸುವುದು ಒಂದೇ ಅಂಕಿ. ಒಣಗಿದ ಕೆಸರು ಮೊದಲ ಮಳೆಗೇ ನಾರಲು ಶುರುವಾಗುತ್ತದೆ.

ಕೊಳೆಯುವುದು ಪದಾರ್ಥದ ಗುಣವಷ್ಟೇ ಅಲ್ಲ, ಜಾಗದ ಗುಣವೂ ಹೌದು. ಇಂದಿನ ಡಿಟರ್ಜೆಂಟುಗಳಲ್ಲಿರುವ ಲ್ಯಾಸ್ ಎಂಬ ರಾಸಾಯನಿಕ ಗಾಳಿಯಾಡುವ ನೀರಿನಲ್ಲಿ ಬೇಗ ಒಡೆಯುತ್ತದೆ. ಗಾಳಿಯಿಲ್ಲದ ತೊಟ್ಟಿಯಲ್ಲಿ ಹೆಚ್ಚುಕಡಿಮೆ ಹಾಗೇ ಉಳಿಯುತ್ತದೆ. ಅದೇ ಕೆಸರು ಗಾಳಿಯಾಡುವ ಹೊಲದ ಮಣ್ಣಿಗೆ ಸೇರಿದರೆ ಲ್ಯಾಸ್ ಮತ್ತೆ ಒಡೆಯತೊಡಗುತ್ತದೆ. ಕೆಲವು ಡಿಟರ್ಜೆಂಟು ರಾಸಾಯನಿಕಗಳು ಒಡೆದಾಗ ಹುಟ್ಟುವ ನಾನಿಲ್‌ಫಿನಾಲ್ ಇನ್ನೂ ಮೋಸಗಾರ. ಅದರ ಮೂಲ ರಾಸಾಯನಿಕ ಒಡೆದದ್ದು ನಿಜ, ಆದರೆ ಒಡೆದು ಹುಟ್ಟಿದ್ದು ಮೂಲಕ್ಕಿಂತ ಹೆಚ್ಚು ವಿಷಕಾರಿ, ಕೆಸರಿಗೇ ಅಂಟಿ ಕೂರುವಂಥದ್ದು. ಪಿಎಫ್‌ಎಎಸ್ ರಾಸಾಯನಿಕಗಳಂತೂ ಕೊಳೆತು ಪೂರ್ತಿ ಇಲ್ಲವಾಗುವುದೇ ಇಲ್ಲ. ಇವುಗಳಿಂದ ಹೊಲಗಳು ಕೆಟ್ಟದ್ದನ್ನು ಕಂಡ ಅಮೆರಿಕದ ಮೇಯ್ನ್ ರಾಜ್ಯ 2022ರಲ್ಲಿ ಕೆಸರನ್ನು ಭೂಮಿಗೆ ಹಾಕುವುದನ್ನೇ ನಿಷೇಧಿಸಿತು.

ಕೊಳಚೆ ನೀರು ಸಂಸ್ಕರಿಸುವ ಈ ವಿದ್ಯೆ ನಮಗೆ ದೂರದ್ದೇನಲ್ಲ. 1914ರಲ್ಲಿ ಮ್ಯಾಂಚೆಸ್ಟರಿನಲ್ಲಿ ಆರ್ಡರ್ನ್ ಮತ್ತು ಲಾಕೆಟ್ ಗಾಳಿಯೂಡಿ ಕೆಸರಿನ ಜೀವಿಗಳಿಂದಲೇ ನೀರು ಶುದ್ಧಗೊಳಿಸುವ 'ಆಕ್ಟಿವೇಟೆಡ್ ಸ್ಲಡ್ಜ್' ವಿಧಾನ ಕಂಡುಹಿಡಿದಾಗ ಅವರಿಗೆ ಮಾರ್ಗದರ್ಶಕರಾಗಿದ್ದ ಗಿಲ್ಬರ್ಟ್ ಫೌಲರ್, ಕೆಲವೇ ವರ್ಷಗಳಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಪ್ರಾಧ್ಯಾಪಕರಾಗಿ ಬಂದರು. ಈಗ ಅದೇ ಊರಿನ ದೊಡ್ಡ ಅಪಾರ್ಟ್‌ಮೆಂಟುಗಳಲ್ಲೂ ಎಸ್‌ಟಿಪಿಗಳಿವೆ. ಅಲ್ಲಿನ ನಿವಾಸಿಗಳು ಸಂಸ್ಕರಿಸಿದ ನೀರಿನ ವರದಿ ನೋಡಿ ಸಮಾಧಾನಪಟ್ಟರೆ ಸಾಲದು. ಕೆಸರು ಹೇರಿಕೊಂಡ ಗಾಡಿ ಗೇಟು ದಾಟುವ ಮುನ್ನ ಅದು ಎಷ್ಟು ಕಳಿತಿದೆ, ಅದರಲ್ಲಿ ಯಾವ ಲೋಹವಿದೆ, ಯಾರ ಹೊಲಕ್ಕೆ ಹೋಗುತ್ತಿದೆ ಎಂಬ ಮೂರನ್ನೂ ಕೇಳಿ. ಆ ಹೊಲದ ರೈತನ ಕೈಗೂ ಅದೇ ವರದಿ ಕೊಡಿಸಿ.