ಹೆಡ್‌ಫೋನಿನೊಳಗಿನ ಹದ

ಲಾವಣಿ, ಗೀಗೀ ಪದ ಹಾಡುವವರು ಹಾಡಿನ ನಡುವೆ ಒಂದು ಕೈಯನ್ನು ಕಿವಿಗೆ ಅಡ್ಡ ಹಿಡಿಯುವುದನ್ನು ನೀವು ನೋಡಿರಬಹುದು. ಅದು ಬರಿಯ ಶೈಲಿಯಲ್ಲ. ಡಪ್ಪು, ತುಂತುಣಿಗಳ ಸದ್ದಿನ ನಡುವೆ ಹಾಡುವವನಿಗೆ ತನ್ನ ದನಿಯೇ ಸರಿಯಾಗಿ ಕೇಳಿಸುವುದಿಲ್ಲ. ಕೇಳಿಸದಿದ್ದರೆ ಶ್ರುತಿ ತಪ್ಪುತ್ತದೆ. ಬಾಯಿಂದ ಹೊರಟ ದನಿಯ ಒಂದಿಷ್ಟು ಪಾಲನ್ನು ಆ ಅಂಗೈ ಕಿವಿಯತ್ತ ತಿರುಗಿಸುತ್ತದೆ. ತನ್ನ ದನಿ ಎಷ್ಟು ಕೇಳಬೇಕು, ಪಕ್ಕವಾದ್ಯ ಎಷ್ಟು ಕೇಳಬೇಕು ಎಂಬುದು ಹೀಗೆ ಬಹಳ ಹಳೆಯ ಪ್ರಶ್ನೆ.

ಈ ಪ್ರಶ್ನೆ ಈಗ ಮಕ್ಕಳ ಓದುವ ಕೋಣೆಗೇ ಬಂದಿದೆ. ಒಂದು ಲ್ಯಾಪ್‌ಟಾಪ್, ಒಂದು ಮೈಕ್, ಅಂಗೈಯಗಲದ ಆಡಿಯೋ ಇಂಟರ್‌ಫೇಸ್, ಒಂದು ಹೆಡ್‌ಫೋನ್ ಇದ್ದರೆ ಮನೆಯಲ್ಲೇ ಹಾಡು ಮುದ್ರಿಸಬಹುದು. ಮೊದಲು ತಂಬೂರಿಯ ಶ್ರುತಿ, ಆಮೇಲೆ ಕೀಬೋರ್ಡ್, ಅದರ ಮೇಲೆ ತಬಲಾ, ಕೊನೆಗೆ ಹಾಡು. ಹೀಗೆ ಮೊದಲೇ ಮುದ್ರಿಸಿದ್ದನ್ನು ಕೇಳುತ್ತಾ ಅದರ ಮೇಲೆ ಹೊಸ ಪದರ ಕೂಡಿಸುವುದಕ್ಕೆ ಓವರ್‌ಡಬ್ಬಿಂಗ್ ಎನ್ನುತ್ತಾರೆ. ಹಳೆಯ ಪದರ ಸ್ಪೀಕರಿನಲ್ಲಿ ಮೊಳಗಿದರೆ ಮೈಕ್ ಅದನ್ನೂ ಹಿಡಿದುಕೊಳ್ಳುತ್ತದೆ. ಆದ್ದರಿಂದ ಅದು ಹೆಡ್‌ಫೋನಿನಲ್ಲಿ ಮಾತ್ರ ಕೇಳಬೇಕು. ಎಷ್ಟು ಕೇಳಬೇಕು ಎಂಬಲ್ಲಿಯೇ ತೊಡಕು ಶುರುವಾಗುವುದು.

ಮನೆಯಲ್ಲಿ ಕುಳಿತು ಪದರ ಪದರವಾಗಿ ಹಾಡು ಕಟ್ಟುವುದನ್ನು ಜಗತ್ತಿಗೆ ತೋರಿಸಿಕೊಟ್ಟವರಲ್ಲಿ ಪ್ರಮುಖ ಅಮೆರಿಕದ ಗಿಟಾರ್ ವಾದಕ ಲೆಸ್ ಪಾಲ್ (1915–2009). ಅವರೂ ಅವರ ಪತ್ನಿ ಮೇರಿ ಫೋರ್ಡ್ ಅವರೂ ಮುದ್ರಿಸಿದ ‘ಹೌ ಹೈ ದ ಮೂನ್’ 1951ರಲ್ಲಿ ಆ ದೇಶದ ಜನಪ್ರಿಯ ಹಾಡುಗಳ ಪಟ್ಟಿಯಲ್ಲಿ ಒಂಬತ್ತು ವಾರ ಮೊದಲ ಸ್ಥಾನದಲ್ಲಿತ್ತು. ಹಾಡಿದವರು ಒಬ್ಬರೇ, ಕೇಳುವುದು ಹಲವು ಕಂಠ. ಟೇಪ್ ರೆಕಾರ್ಡರಿಗೆ ಒಂದು ಹೆಚ್ಚಿನ ಹೆಡ್ ಜೋಡಿಸಿ, ಹಳೆಯ ಮುದ್ರಣವನ್ನು ಕೇಳುತ್ತಾ ಅದಕ್ಕೆ ಹೊಸ ದನಿ ಬೆರೆಸಿ ಅದೇ ಟೇಪಿನ ಮೇಲೆ ಮತ್ತೆ ಮುದ್ರಿಸುವುದು ಅವರ ವಿಧಾನ. ಹಳೆಯದು ಅಳಿಸಿಹೋಗುತ್ತಿತ್ತು. ಒಂದು ದನಿ ಹೆಚ್ಚಾಯಿತೋ, ಕಡಿಮೆಯಾಯಿತೋ, ಅದನ್ನು ಮತ್ತೆ ಬೇರ್ಪಡಿಸುವಂತಿರಲಿಲ್ಲ. ತಪ್ಪಿದರೆ ಮೊದಲಿನಿಂದ ಆರಂಭ.

ಇಂದಿನ ಅನುಕೂಲ ಇರುವುದು ಇಲ್ಲಿಯೇ. ನೀವು ಹಾಡುವಾಗ ಕೇಳುವ ಹದ ಬೇರೆ, ಮುದ್ರಣವಾಗುವ ಹದ ಬೇರೆ. ಹೆಡ್‌ಫೋನಿನಲ್ಲಿ ತಬಲಾ ತಗ್ಗಿಸಿದರೆ ಮುದ್ರಿತವಾದ ತಬಲಾಕ್ಕೆ ಏನೂ ಆಗುವುದಿಲ್ಲ. ಆದರೂ ಹೊಸಬರು ಮೂರು ಬೇರೆ ಬೇರೆ ತಿರುಪುಗಳನ್ನು ಒಂದೇ ಎಂದು ಭಾವಿಸುತ್ತಾರೆ. ಮೊದಲನೆಯದು ಗೇನ್. ಮೈಕಿನ ದುರ್ಬಲ ವಿದ್ಯುತ್ ಸಂಕೇತವನ್ನು ಎಷ್ಟು ಪಟ್ಟು ವರ್ಧಿಸಬೇಕು ಎಂದು ಅದು ನಿರ್ಧರಿಸುತ್ತದೆ. ನಿಮ್ಮ ಅತಿ ಜೋರಿನ ಸಾಲಿಗೂ ಕೆಂಪು ದೀಪ ಹತ್ತದಂತೆ ಅದನ್ನು ಒಮ್ಮೆ ಹೊಂದಿಸಿ ಬಿಟ್ಟುಬಿಡಬೇಕು. ಎರಡನೆಯದು ಮಿಕ್ಸ್. ನಿಮ್ಮ ದನಿ ಮತ್ತು ಹಳೆಯ ಪದರಗಳ ನಡುವಿನ ಪ್ರಮಾಣ ಇದರ ಕೆಲಸ. ಮೂರನೆಯದು ಹೆಡ್‌ಫೋನಿನ ಒಟ್ಟು ಸದ್ದು. ‘ನನ್ನ ದನಿ ನನಗೆ ಕೇಳುತ್ತಿಲ್ಲ’ ಎಂಬುದು ಎರಡನೆಯ ತಿರುಪಿನ ದೂರು. ಕೈ ಹೋಗುವುದು ಮಾತ್ರ ಮೊದಲನೆಯದಕ್ಕೋ ಮೂರನೆಯದಕ್ಕೋ!

ಈಗ ಒಂದು ಚಿಕ್ಕ ಪ್ರಯೋಗ. ಬಾಯಿ ಮುಚ್ಚಿ ‘ಮ್‌ಮ್’ ಎಂದು ಗುನುಗುತ್ತಾ ಎರಡೂ ಕಿವಿಗಳನ್ನು ಅಂಗೈಗಳಿಂದ ಮುಚ್ಚಿ. ಗುನುಗು ಕಡಿಮೆಯಾಗುವ ಬದಲು ದಪ್ಪವಾಗಿ, ಜೋರಾಗಿ ಕೇಳುತ್ತದೆ. ನಮ್ಮ ದನಿ ಗಾಳಿಯ ಮೂಲಕವಷ್ಟೇ ಅಲ್ಲ, ತಲೆಬುರುಡೆಯ ಮೂಳೆಗಳ ಮೂಲಕವೂ ಕಿವಿ ಸೇರುತ್ತದೆ. ತೆರೆದ ಕಿವಿಯಲ್ಲಿ ಈ ಕಂಪನದ ಒಂದು ಭಾಗ ಹೊರಗೆ ಹೋಗಿಬಿಡುತ್ತದೆ. ಮುಚ್ಚಿದರೆ ಒಳಗೇ ಉಳಿಯುತ್ತದೆ. ಕಿವಿ ಮುಚ್ಚುವ ಹೆಡ್‌ಫೋನ್ ಮಾಡುವುದೂ ಇದನ್ನೇ. ತಗ್ಗು ಸ್ವರಗಳು ದಪ್ಪಗಾಗುತ್ತವೆ, ಅಕ್ಷರಗಳ ಸ್ಪಷ್ಟತೆ ಒಯ್ಯುವ ಹೆಚ್ಚಿನ ಆವೃತ್ತಿಗಳು ಮಂಕಾಗುತ್ತವೆ. ಆದ್ದರಿಂದ ಹಾಡುವವರಿಗೆ ತಮ್ಮ ದನಿ ಒಂದಿಷ್ಟು ಮೈಕಿನ ಮೂಲಕವೂ ಕೇಳಬೇಕಾಗುತ್ತದೆ.

ಅದು ಕಡಿಮೆಯಾದರೆ ಏನಾಗುತ್ತದೆ? ಸಂತೆಯಲ್ಲಿ ಮಾತನಾಡುವಾಗ ನಮಗರಿವಿಲ್ಲದೆಯೇ ದನಿ ಏರುತ್ತದಲ್ಲವೇ? ಫ್ರಾನ್ಸಿನ ಕಿವಿ-ಮೂಗು-ಗಂಟಲು ವೈದ್ಯ ಎಟಿಯೆನ್ ಲೊಂಬಾರ್ ಇದನ್ನು 1911ರಲ್ಲಿ ವಿವರಿಸಿದರು. ಇದು ಲೊಂಬಾರ್ ಪರಿಣಾಮವೆಂದೇ ಹೆಸರಾಗಿದೆ. ಹೆಡ್‌ಫೋನಿನಲ್ಲಿ ತಬಲಾ ಅಬ್ಬರಿಸಿದರೆ ಗಾಯಕ ಕಿರುಚುತ್ತಾನೆ, ಗಂಟಲು ಬಿಗಿಯುತ್ತದೆ. ತನ್ನ ದನಿಯೇ ವಿಪರೀತ ಕೇಳಿದರೆ ಅಳುಕಿ ಮೆತ್ತಗೆ ಹಾಡುತ್ತಾನೆ, ಶ್ರುತಿಯ ಆಸರೆಯೂ ತಪ್ಪುತ್ತದೆ. ಎಷ್ಟೋ ಸಲ ‘ಮಗು ಸರಿಯಾಗಿ ಹಾಡಲಿಲ್ಲ’ ಎನ್ನುವಾಗ ತಪ್ಪಿರುವುದು ಕಂಠವಲ್ಲ, ಹೆಡ್‌ಫೋನಿನೊಳಗಿನ ಹದ.

ಹದ ಸರಿಪಡಿಸಲು ಸಾಮಾನ್ಯವಾಗಿ ಮಾಡುವುದೇನು? ದನಿ ಕೇಳಲಿಲ್ಲ, ದನಿ ಏರಿಸು. ಈಗ ತಾಳ ಕೇಳಲಿಲ್ಲ, ತಾಳ ಏರಿಸು. ಮತ್ತೆ ದನಿ ಮುಳುಗಿತು, ಇನ್ನಷ್ಟು ಏರಿಸು. ಮೊದಲ ಟೇಕಿನಲ್ಲಿ ತಾಳ 70 ಡೆಸಿಬೆಲ್, ದನಿ 73 ಡೆಸಿಬೆಲ್ ಇತ್ತು ಎಂದುಕೊಳ್ಳಿ. ಹತ್ತನೆಯ ಟೇಕಿನ ಹೊತ್ತಿಗೆ ತಾಳ 88, ದನಿ 91 ಆಗಿರಬಹುದು. ಎರಡರ ನಡುವಿನ ಅಂತರ ಆಗಲೂ 3, ಈಗಲೂ 3. ಹದದಲ್ಲಿ ಏನೂ ಗಳಿಸಲಿಲ್ಲ. ಕಿವಿಗೆ ಬೀಳುವ ಪೆಟ್ಟು ಮಾತ್ರ ಬೆಳೆದಿದೆ. ಜೋರು ಸದ್ದಿನಲ್ಲಿ ಸ್ವಲ್ಪ ಹೊತ್ತು ಕಳೆದ ಕಿವಿ ತಾತ್ಕಾಲಿಕವಾಗಿ ಮಂದವಾಗುವುದರಿಂದ ಈ ಏರಿಕೆ ನಮ್ಮ ಗಮನಕ್ಕೂ ಬರುವುದಿಲ್ಲ.

ಪೆಟ್ಟು ಎಷ್ಟೆಂದು ಲೆಕ್ಕ ಹಾಕೋಣ. ಡೆಸಿಬೆಲ್ ಕೂಡುವ ಲೆಕ್ಕವಲ್ಲ, ಗುಣಿಸುವ ಲೆಕ್ಕ. 3 ಡೆಸಿಬೆಲ್ ಏರಿದರೆ ಶಬ್ದದ ಶಕ್ತಿ ಸುಮಾರು 2 ಪಟ್ಟು, 10 ಏರಿದರೆ 10 ಪಟ್ಟು. ವಿಶ್ವ ಆರೋಗ್ಯ ಸಂಸ್ಥೆ ಮತ್ತು ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟ 2018ರಲ್ಲಿ ರೂಪಿಸಿದ ಸುರಕ್ಷಿತ ಆಲಿಕೆಯ ಮಾನದಂಡದಂತೆ ಮಕ್ಕಳಿಗೆ 75 ಡೆಸಿಬೆಲ್‌ನಲ್ಲಿ ವಾರಕ್ಕೆ 40 ಗಂಟೆ ಮಿತಿ. ವಯಸ್ಕರಿಗೆ ಅದು 80 ಡೆಸಿಬೆಲ್. ಈಗ 91 ಎಂದರೆ 75ಕ್ಕಿಂತ 16 ಹೆಚ್ಚು. ಶಕ್ತಿಯಲ್ಲಿ ಸುಮಾರು 40 ಪಟ್ಟು. ಪಿಯುಸಿ ವಿದ್ಯಾರ್ಥಿಗಳು 10ರ ಘಾತ 1.6 ಎಂದು ಲೆಕ್ಕ ಮಾಡಿ ನೋಡಬಹುದು. ಅಂದರೆ 40 ಗಂಟೆಯ ಪಾಲು ಒಂದೇ ಗಂಟೆಯಲ್ಲಿ ಮುಗಿಯಿತು. ನಾಲ್ಕು ನಿಮಿಷದ ಭಾವಗೀತೆಗೆ ಮೂವತ್ತು ಟೇಕ್ ಎಂದರೆ ಎರಡು ಗಂಟೆ. ಒಂದು ಭಾನುವಾರದ ಮಧ್ಯಾಹ್ನ ಎರಡು ವಾರಗಳ ಪಾಲನ್ನು ತಿಂದುಹಾಕುತ್ತದೆ.

ಒಳಕಿವಿಯ ಶಂಖದಂಥ ಭಾಗದಲ್ಲಿ ಕಂಪನವನ್ನು ನರಸಂಕೇತವಾಗಿಸುವ ರೋಮಕೋಶಗಳು ಸುಮಾರು 15,000 ಮಾತ್ರ ಇವೆ. ಮನುಷ್ಯರಲ್ಲಿ ಸತ್ತ ರೋಮಕೋಶ ಮತ್ತೆ ಹುಟ್ಟುವುದಿಲ್ಲ. ಸಂಗೀತ ಕಲಿಯುವ ಮಗುವಿಗೆ ಇದಕ್ಕಿಂತ ದೊಡ್ಡ ನಷ್ಟ ಬೇರೇನಿದೆ?

ಆದ್ದರಿಂದ ನಿಯಮ ಒಂದೇ: ಒಂದು ಕೇಳಲಿಲ್ಲವೆಂದರೆ ಇನ್ನೊಂದನ್ನು ತಗ್ಗಿಸಿ. ಅನುಸರಿಸಬೇಕಾದ ಕ್ರಮ ಹೀಗಿದೆ. ಹೆಡ್‌ಫೋನ್ ಹಾಕಿಕೊಳ್ಳುವ ಮೊದಲು ಒಟ್ಟು ಸದ್ದನ್ನು ಸೊನ್ನೆಗೆ ಇಳಿಸಿ. ಹಾಕಿಕೊಂಡ ಮೇಲೆ ಶ್ರುತಿ ಮತ್ತು ತಾಳವನ್ನಷ್ಟೇ ಮೆಲ್ಲಗೆ ಏರಿಸಿ, ಹಾಯಾಗಿ ಕೇಳುವಲ್ಲಿ ನಿಲ್ಲಿಸಿ. ಉಳಿದ ವಾದ್ಯಗಳನ್ನು ಕೊಂಚವೇ ಕೊಡಿ, ಬೇಡವಾದರೆ ಬಿಟ್ಟೇಬಿಡಿ. ಹಾಡಲು ಬೇಕಾದದ್ದು ಶ್ರುತಿ ಮತ್ತು ಲಯ, ಪೂರ್ತಿ ವಾದ್ಯವೃಂದವಲ್ಲ. ಆಮೇಲೆ ಹಾಡುತ್ತಾ ನಿಮ್ಮ ದನಿಯನ್ನು ಸೇರಿಸಿ. ಅದು ಮುಳುಗಿದರೆ ಉಳಿದದ್ದನ್ನು 3 ಡೆಸಿಬೆಲ್ ಇಳಿಸಿ. ಒಂದೆರಡು ಸಲ ಹೀಗೆ ಇಳಿಸುವಷ್ಟರಲ್ಲಿ ಹದ ಸಿಗುತ್ತದೆ.

ಇನ್ನೊಂದು ತೊಡಕು ತಡ. ದನಿ ಕಂಪ್ಯೂಟರಿನೊಳಗೆ ಹೋಗಿ ಮರಳಿ ಬರಲು ಸಮಯ ಹಿಡಿಯುತ್ತದೆ. ಬಫರ್ 512 ಮಾದರಿಗಳಿದ್ದು, ಸೆಕೆಂಡಿಗೆ 44,100 ಮಾದರಿ ತೆಗೆಯುತ್ತಿದ್ದರೆ ಒಳಗೆ ಬರುವಾಗ ಸುಮಾರು 11.6 ಮಿಲಿಸೆಕೆಂಡ್, ಹೊರಗೆ ಹೋಗುವಾಗ ಮತ್ತೆ ಅಷ್ಟೇ. ಗಾಳಿಯಲ್ಲಿ ಶಬ್ದ ಅಷ್ಟು ಹೊತ್ತಿನಲ್ಲಿ ಸುಮಾರು 8 ಮೀಟರ್ ಸಾಗುತ್ತದೆ. ನಿಮ್ಮದೇ ದನಿ ಕೋಣೆಯ ಆಚೆಯಿಂದ ಬಂದಂತಾಗಿ, ಮೂಳೆಯ ಮೂಲಕ ಕೇಳುವ ದನಿಯೊಡನೆ ಕಲೆತು ಗೊಂದಲವಾಗುತ್ತದೆ. ಆಗಲೂ ನಾವು ಮಾಡುವುದು ಸದ್ದು ಏರಿಸುವುದೇ! ಇಂಟರ್‌ಫೇಸಿನಲ್ಲಿ ಡೈರೆಕ್ಟ್ ಮಾನಿಟರ್ ಎಂಬ ಸ್ವಿಚ್ ಇದ್ದರೆ ಅದನ್ನು ಹಾಕಿ, ಸಾಫ್ಟ್‌ವೇರಿನಲ್ಲಿ ಹಾಡುವ ಟ್ರ್ಯಾಕಿನ ಮಾನಿಟರ್ ಆರಿಸಿ. ದನಿ ಕಂಪ್ಯೂಟರಿಗೆ ಸುತ್ತು ಹಾಕದೆ ನೇರ ಕಿವಿಗೆ ಬರುತ್ತದೆ. ಬ್ಲೂಟೂತ್ ಹೆಡ್‌ಫೋನಿನ ತಡ ಇದಕ್ಕಿಂತ ಬಹಳ ಹೆಚ್ಚು. ಈ ಕೆಲಸಕ್ಕೆ ತಂತಿಯದೇ ಬೇಕು.

ಕೆಲವರು ಒಂದು ಕಿವಿಯನ್ನು ತೆರೆದಿಟ್ಟು ಹಾಡುತ್ತಾರೆ. ತಮ್ಮ ಸಹಜ ದನಿ ಕೇಳುವುದರಿಂದ ಇದು ಉಪಯುಕ್ತವೇ. ಆದರೆ ಎರಡು ಕಿವಿಯಲ್ಲಿ ಕೇಳುವಷ್ಟು ಜೋರು ಒಂದರಲ್ಲಿ ಕೇಳುವುದಿಲ್ಲ. ಹಾಗೆಂದು ಮುಚ್ಚಿದ ಕಿವಿಯ ಸದ್ದನ್ನು ಏರಿಸಬಾರದು. ತೆರೆದ ಬದಿಯ ಸದ್ದನ್ನು ಪೂರ್ತಿ ಆರಿಸಬೇಕು, ಇಲ್ಲವಾದರೆ ಅದು ಮೈಕಿಗೆ ಸೋರುತ್ತದೆ.

ಈ ಸೋರಿಕೆಯನ್ನೇ ಕಾವಲುಗಾರನನ್ನಾಗಿ ಮಾಡಿಕೊಳ್ಳಬಹುದು. ಹೆಡ್‌ಫೋನ್ ಧರಿಸಿ, ಮೈಕಿನ ಮುಂದೆ ನಿಂತು, ಹಳೆಯ ಪದರಗಳು ನುಡಿಯುತ್ತಿರುವಾಗ ಅರ್ಧ ನಿಮಿಷ ಮೌನವನ್ನು ಮುದ್ರಿಸಿ. ಆ ಮೌನದಲ್ಲಿ ತಾಳದ ಟಕ್‌ಟಕ್ ಸ್ಪಷ್ಟವಾಗಿ ಕೇಳಿದರೆ ಸದ್ದು ಹೆಚ್ಚಾಗಿದೆ, ಇಲ್ಲವೇ ಹೆಡ್‌ಫೋನ್ ಕಿವಿಗೆ ಸರಿಯಾಗಿ ಕೂತಿಲ್ಲ. ಚೆನ್ನಾಗಿ ಮುಚ್ಚುವ ಹೆಡ್‌ಫೋನಿನಲ್ಲಿ ಸೋರಿಕೆ ಇಲ್ಲದೆಯೂ ಸದ್ದು ಅತಿಯಾಗಿರಬಹುದು ಎಂಬುದೂ ನೆನಪಿರಲಿ. ಹೆಡ್‌ಫೋನ್ ತೆಗೆದಾಗ ಕಿವಿಯಲ್ಲಿ ಗುಂಯ್‌ಗುಟ್ಟಿದರೆ, ಪಕ್ಕದವರ ಮಾತು ಹತ್ತಿಯೊಳಗಿಂದ ಬಂದಂತೆ ಕೇಳಿದರೆ ಆ ದಿನದ ಮುದ್ರಣ ಅಲ್ಲಿಗೆ ಸಾಕು. ಆ ಮೊರೆತ ಮರುದಿನವೂ ಉಳಿದರೆ ಶ್ರವಣ ಪರೀಕ್ಷೆ ಮಾಡಿಸಬೇಕು. ಮೈಸೂರಿನ ಮಾನಸಗಂಗೋತ್ರಿಯಲ್ಲಿ 1965ರಲ್ಲಿ ಆರಂಭವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಇದಕ್ಕೆ ವ್ಯವಸ್ಥೆಯಿದೆ.

ಪಾಲಕರಲ್ಲಿ ಒಂದು ಮಾತು. ಮಕ್ಕಳು ಕೋಣೆಯ ಬಾಗಿಲು ಹಾಕಿಕೊಂಡು ಹಾಡುತ್ತಿದ್ದರೆ ಹೊರಗೆ ಕೇಳುವುದು ಅವರ ಕಂಠ ಮಾತ್ರ. ಕಿವಿಯೊಳಗೆ ಎಷ್ಟು ಸದ್ದಿದೆ ಎಂದು ಗೊತ್ತಾಗುವುದಿಲ್ಲ. ನಡುವೆ ಒಮ್ಮೆ ಒಳಗೆ ಹೋಗಿ ಆ ಹೆಡ್‌ಫೋನನ್ನು ನೀವೇ ಕಿವಿಗಿಟ್ಟು ನೋಡಿ. ಜೋರೆನಿಸಿದರೆ ಹಾಡು ನಿಲ್ಲಿಸುವುದು ಬೇಡ, ಬೈಯುವುದೂ ಬೇಡ. ತಾಳವನ್ನು ಒಂದಿಷ್ಟು ಇಳಿಸಿ ಕೊಟ್ಟು, ಮುಂದಿನ ಟೇಕ್ ಹಾಡಲು ಹೇಳಿ.