ಕಾರಿಗೆ ಹದಿನೈದು, ಸುಂಕ ಐದು ಸಾವಿರ!

"ಗಾಡಿ ಇನ್ನೂ ಕಲ್ಲುಗುಂಡಿನಂಗೈತೆ ಸ್ವಾಮಿ, ಇವರ ಕಣ್ಣಿಗೆ ಮಾತ್ರ ಮುದುಕ ಆಗೈತಂತೆ!"

ಚನ್ನಗಿರಿಯ ಅಡಿಕೆ ವರ್ತಕರೊಬ್ಬರು ಮೊನ್ನೆ ನಮ್ಮೆದುರು ಆಡಿದ ಮಾತಿದು. ಕೈಯಲ್ಲಿ ಆರ್.ಸಿ. ಕಾರ್ಡು, ಅಂಗಡಿ ಮುಂದೆ 2011ನೇ ಇಸವಿಯ ಬಿಳಿ ಎಟಿಯೋಸ್. ವಾರಕ್ಕೆ ನಾಲ್ಕು ದಿನ ದಾವಣಗೆರೆಗೆ ಹೋಗಿಬಂದು ಮೀಟರು ಮೂರೂವರೆ ಲಕ್ಷ ಕಿಲೋಮೀಟರು ದಾಟಿದೆ. ಒಂದು ದಿನವೂ ನಡುದಾರಿಯಲ್ಲಿ ಕೈಕೊಟ್ಟಿಲ್ಲವಂತೆ. ಈಗ ಅದಕ್ಕೆ ಹದಿನೈದು ತುಂಬುತ್ತಿದೆ. ನೋಂದಣಿ ನವೀಕರಿಸಬೇಕು, ಐದು ಸಾವಿರ ರೂಪಾಯಿ ಕಟ್ಟಬೇಕು.

ಬಸ್ಸಿನವನಿಗೆ ಕಾರಿನ ಉಸಾಬರಿ ಏಕೆ ಎಂದು ಪ್ರಯಾಣಿಕ ಬಂಧುಗಳು ಪುಟ ಮಗುಚಬಾರದು. ಜಗಳೂರಿನಲ್ಲಾಗಲಿ ನ್ಯಾಮತಿಯಲ್ಲಾಗಲಿ ಕಡೇ ಬಸ್ಸು ಹೋದ ಮೇಲೆ ಮನೆಯಲ್ಲಿ ಯಾರಿಗಾದರೂ ಎದೆನೋವು ಬಂದರೆ ನಾವು ಬಾಗಿಲು ತಟ್ಟುವುದು ಇಂಥದೇ ಕಾರಿನ ಯಜಮಾನನ ಮನೆಯನ್ನು. ರಾತ್ರಿ ಬಸ್ಸಿಗೆ ಎದುರಾಗಿ ಬರುವ ದೀಪಗಳೂ ಇವರವೇ. ಆ ಕಾರಿನ ಬ್ರೇಕು ಹಿಡಿಯುತ್ತದೋ ಇಲ್ಲವೋ ಎಂಬುದು ಎಲ್ಲರ ವಿಚಾರ.

ಎಟಿಯೋಸ್ ಎಂಬ ಈ ಗಾಡಿ ನಮ್ಮ ನಾಡಿನದೇ ಕೂಸು. 2010ರ ಡಿಸೆಂಬರಿನಲ್ಲಿ ಬಿಡದಿಯ ಟೊಯೋಟಾ ಕಿರ್ಲೋಸ್ಕರ್ ಕಾರ್ಖಾನೆಯವರು 4.96 ಲಕ್ಷದ ಆರಂಭಿಕ ಬೆಲೆಗೆ ಇದನ್ನು ಪೇಟೆಗೆ ಬಿಟ್ಟರು. ಕಿರ್ಲೋಸ್ಕರ್ ಹೆಸರು ನಮ್ಮವರಿಗೆ ಹೊಸದಲ್ಲ. 1941ರಲ್ಲಿ ಶುರುವಾದ ಹರಿಹರದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯ ಲೇತುಗಳು ಈಗಲೂ ಎಷ್ಟೋ ವರ್ಕ್‌ಶಾಪುಗಳಲ್ಲಿ ತಿರುಗುತ್ತಿವೆ. ಕಾರ್ಖಾನೆ ಮಾತ್ರ ಈ ಶತಮಾನದ ಆರಂಭದಲ್ಲಿ ಬಾಗಿಲು ಹಾಕಿತು. ಅದು ಬೇರೆಯೇ ದುಃಖ, ಇರಲಿ.

ಎಟಿಯೋಸ್ ಬಂದಾಗ ಜನ ನಕ್ಕಿದ್ದರು. ಮೀಟರನ್ನು ಡ್ರೈವರ್ ಮುಂದೆ ಇಡುವುದು ಬಿಟ್ಟು ಡ್ಯಾಶ್‌ಬೋರ್ಡಿನ ನಡುವೆ ಇಟ್ಟಿದ್ದಾರೆ, ಇದೆಂಥ ಕಾರು ಎಂದರು. ಅಂದಚೆಂದ ಇಲ್ಲ, ಬರೀ ಟ್ಯಾಕ್ಸಿ ಎಂದು ಮೂಗು ಮುರಿದರು. ಆದರೆ ಅಂಗಡಿಯವರ ಕಣ್ಣು ಹೋದದ್ದು ಡಿಕ್ಕಿಯ ಮೇಲೆ. 595 ಲೀಟರ್ ಜಾಗ! ಸೀಟಿನಲ್ಲಿ ಹೆಂಡತಿ ಮಕ್ಕಳು, ಹಿಂದೆ ಬಟ್ಟೆ ಗಂಟು. 1.4 ಲೀಟರಿನ ಡೀಸೆಲ್ ಎಂಜಿನ್ನು ಸಪ್ಪಳ ಮಾಡಿದರೂ ಸುಸ್ತಾಗದು ಎಂಬ ಹೆಸರು ತಗೊಂಡಿತು. ಹಿಂದಿನ ತಲೆಮಾರಿಗೆ ಅಂಬಾಸಿಡರ್ ಹೇಗೋ, ಹೈವೇ ಓಡಾಟದ ಈ ತಲೆಮಾರಿಗೆ ಇದು ಹಾಗೆ. 2014ರಲ್ಲಿ ಉತ್ತರಪಾರಾ ಕಾರ್ಖಾನೆ ಕೆಲಸ ನಿಲ್ಲಿಸಿ ಅಂಬಾಸಿಡರ್ ಕತೆ ಮುಗಿಯಿತು. 2020ರಲ್ಲಿ ಎಟಿಯೋಸೂ ನಿಂತಿತು. ಹೊಸದು ಸಿಕ್ಕುವುದಿಲ್ಲ; ಇರುವುದನ್ನೇ ಕಾಪಾಡಿಕೊಳ್ಳಬೇಕು.

ಈಗ ಕಾನೂನಿನ ಮಾತು. 2022ರ ಏಪ್ರಿಲ್ 1ಕ್ಕೆ ಮುಂಚೆ 15 ವರ್ಷ ತುಂಬಿದ ಖಾಸಗಿ ಕಾರಿನ ನೋಂದಣಿ ನವೀಕರಣಕ್ಕೆ 600 ರೂಪಾಯಿ ಇತ್ತು. ಅಂದಿನಿಂದ 5,000. ಗಾಡಿಗೆ 20 ದಾಟಿದರೆ 2025ರ ಆಗಸ್ಟಿನ ಆದೇಶದಂತೆ 10,000. ನವೀಕರಣ ಐದೈದು ವರ್ಷಕ್ಕೆ. ತಡಮಾಡಿದರೆ ತಿಂಗಳಿಗೆ 500ರಂತೆ ದಂಡ ಏರುತ್ತಾ ಹೋಗುತ್ತದೆ. ಅವಧಿ ಮುಗಿಯಲು 60 ದಿನ ಇರುವಾಗಲೇ ಅರ್ಜಿ ಹಾಕಲು ಅವಕಾಶವಿದೆ ಎಂಬುದು ಬಹಳ ಜನಕ್ಕೆ ಗೊತ್ತೇ ಇಲ್ಲ.

ನಮ್ಮ ರಾಜ್ಯದಲ್ಲಿ ಕಾರು ಕೊಳ್ಳುವಾಗಲೇ ಜೀವಾವಧಿ ತೆರಿಗೆ ಎಂದು ದೊಡ್ಡ ಗಂಟು ವಸೂಲು ಮಾಡುತ್ತಾರೆ. ಹತ್ತು ಲಕ್ಷದೊಳಗಿನ ಗಾಡಿಗೇ ನೂರಕ್ಕೆ ಹದಿಮೂರು, ಹದಿನಾಲ್ಕು ರೂಪಾಯಿ. ಜೀವಾವಧಿ ಕಟ್ಟಿಸಿಕೊಂಡವರೇ ಹದಿನೈದಕ್ಕೆ ಮತ್ತೆ ಹಸಿರು ತೆರಿಗೆ ಎನ್ನುತ್ತಾರೆ. ಯಾರ ಜೀವದ ಅವಧಿ ಸ್ವಾಮಿ ಅದು?

ಸುಂಕ ಜಾಸ್ತಿ ಆಯಿತು ಎಂದು ಗೊಣಗುವುದಷ್ಟೇ ನಮ್ಮ ಉದ್ದೇಶವಲ್ಲ. ನಮ್ಮ ತಕರಾರು ಬೇರೆ. ಹಳದಿ ಬೋರ್ಡಿನ ಎಟಿಯೋಸ್ ಹೊಸದಾಗಿದ್ದಾಗ ಎರಡು ವರ್ಷಕ್ಕೊಮ್ಮೆ, ಎಂಟು ವರ್ಷ ದಾಟಿದ ಮೇಲೆ ಪ್ರತಿವರ್ಷ ಎಫ್.ಸಿ. ಪರೀಕ್ಷೆಗೆ ನಿಲ್ಲಬೇಕು. ಅದೇ ಕಾರ್ಖಾನೆಯ, ಅದೇ ರಸ್ತೆಯಲ್ಲಿ ಅಷ್ಟೇ ಓಡುವ ಬಿಳಿ ಬೋರ್ಡಿನ ಗಾಡಿಯನ್ನು ಹದಿನೈದು ವರ್ಷ ಯಾರೂ ಕೇಳುವುದಿಲ್ಲ. ಹೊಗೆ ಸರ್ಟಿಫಿಕೇಟ್ ಒಂದಿದ್ದರೆ ಮುಗಿಯಿತು. ಮೂರೂವರೆ ಲಕ್ಷ ಓಡಿದ ಗಾಡಿಗೂ ಐದು ಸಾವಿರ, ವಾರಕ್ಕೊಮ್ಮೆ ದೇವಸ್ಥಾನಕ್ಕೆ ಹೋಗಿಬಂದ ಗಾಡಿಗೂ ಐದು ಸಾವಿರ. ಚೆನ್ನಾಗಿ ಇಟ್ಟುಕೊಂಡವನಿಗೆ ಒಂದು ಪೈಸೆ ರಿಯಾಯಿತಿ ಇಲ್ಲ, ಕೆಡಿಸಿದವನಿಗೆ ಹೆಚ್ಚಿನ ಬರೆ ಇಲ್ಲ. ವಯಸ್ಸು ನೋಡಿ ದುಡ್ಡು ಎಣಿಸುವುದು ಸುಲಭ, ಗಾಡಿಯ ಕೆಳಗೆ ಬಗ್ಗಿ ನೋಡುವುದು ಕಷ್ಟ.

ಹಾಗಂತ ಮಾಲೀಕರೇನು ಸಾಚಾಗಳೇ? ಅಂದು ನಾವು ಆ ವರ್ತಕರ ಡಿಕ್ಕಿ ತೆಗೆಸಿದೆವು. ಸ್ಟೆಪ್ನಿ ಟಯರಿನ ಬದಿಯಲ್ಲಿ ಒತ್ತಿದ್ದ ನಾಲ್ಕು ಅಂಕಿ: 0811. ಅಂದರೆ 2011ನೇ ಇಸವಿಯ ಎಂಟನೇ ವಾರದ ಮಾಲು! ಹೊರಗಿನ ನಾಲ್ಕು ಟಯರು ಎಷ್ಟೋ ಸಲ ಬದಲಾಗಿವೆ. ಇದು ಮಾತ್ರ ಕಾರಿನ ಜೊತೆ ಹುಟ್ಟಿದ್ದು, ಒಳಗೇ ಕೂತು ಬಿರುಕು ಬಿಟ್ಟಿದೆ. ಗುಂಡಿ ಸರಿಯಾಗಿದೆ ಅಂತ ನಂಬಿ ನಡುರಾತ್ರಿ ಇದನ್ನು ಹಾಕಿಕೊಂಡು ನೂರರಲ್ಲಿ ಓಡಿಸಿದರೆ ಏನು ಗತಿ?

"ಬ್ರೇಕ್ ಆಯಿಲ್ ಯಾವಾಗ ಬದಲಿಸಿದ್ರಿ ಸಾಹುಕಾರ್ರೇ?"

"ಅದನ್ನೂ ಬದಲಿಸ್ತಾರೇನ್ರೀ?"

ಬದಲಿಸಬೇಕು. ಬ್ರೇಕಿನ ಎಣ್ಣೆ ಗಾಳಿಯ ತೇವವನ್ನು ಹೀರುತ್ತದೆ. ನೀರು ಸೇರಿದ ಎಣ್ಣೆ ಬಿಸಿಯಾದಾಗ ಬೇಗ ಕುದಿದು ಗುಳ್ಳೆ ಏಳುತ್ತದೆ, ಆಗ ಪೆಡಲ್ ತುಳಿದರೆ ಬರೀ ಹತ್ತಿ ತುಳಿದ ಹಾಗೆ. ಎರಡು ವರ್ಷಕ್ಕೊಮ್ಮೆ ಬದಲಿಸುವುದು ವಾಡಿಕೆ. ಎಂಜಿನ್ ಆಯಿಲ್ ಮರೆಯದವರೂ ಇದನ್ನು ಮರೆಯುತ್ತಾರೆ, ಏಕೆಂದರೆ ಗಾಡಿ ಓಡುತ್ತಲೇ ಇರುತ್ತದೆ. ಓಡುವ ಗಾಡಿ ನಿಲ್ಲುವ ಗಾಡಿಯೂ ಹೌದೇ ಎಂದು ಯಾರು ನೋಡುತ್ತಾರೆ? ಹಳದಿಗಟ್ಟಿದ ಹೆಡ್‌ಲೈಟಿನ ಗಾಜೂ ಅಷ್ಟೇ. ಒಳಗೆ ಕೂತವರಿಗೆ ರೂಢಿಯಾಗಿರುತ್ತದೆ. ಹತ್ತು ಮಾರು ದೂರದ ಎತ್ತಿನಗಾಡಿ ಮಾತ್ರ ಕಾಣುವುದಿಲ್ಲ. ಟಯರಿನ ಗೀರು 1.6 ಮಿಲಿಮೀಟರಿಗಿಂತ ಸವೆದಿರಬಾರದೆಂದು ನಿಯಮವೇ ಇದೆ.

ಪೆಟ್ರೋಲ್ ಗಾಡಿ ಇಟ್ಟವರಿಗೆ ಇನ್ನೊಂದು ತಾಪತ್ರಯ. ಬಂಕಿನಲ್ಲಿ ಈಗ ನೂರಕ್ಕೆ ಇಪ್ಪತ್ತು ಪಾಲು ಎಥನಾಲ್ ಬೆರೆಸಿದ್ದೇ ಸಿಗುತ್ತದೆ. ಕೆಲವು ಹಳೆ ಗಾಡಿಗಳಲ್ಲಿ ರಬ್ಬರ್ ಭಾಗ, ಗ್ಯಾಸ್ಕೆಟ್ ಬದಲಿಸಬೇಕಾದೀತೆಂದು 2025ರಲ್ಲಿ ಕೇಂದ್ರ ಸರ್ಕಾರವೇ ಒಪ್ಪಿತು. ಮೆಕ್ಕೆಜೋಳದಿಂದಲೂ ಎಥನಾಲ್ ತೆಗೆಯುತ್ತಾರೆ. ಸುಗ್ಗಿಯಲ್ಲಿ ನಮ್ಮ ರಸ್ತೆ ಮೇಲೆ ಒಣಗುವ ಮೆಕ್ಕೆಜೋಳ ಮುಂದಿನ ವರ್ಷ ಟ್ಯಾಂಕಿನೊಳಗೆ ಬಂದು ಕೂತರೂ ಆಶ್ಚರ್ಯವಿಲ್ಲ!

ರಸ್ತೆಯ ಮಾತು ಬಂತಲ್ಲ, ಅದನ್ನೂ ಆಡಿಬಿಡೋಣ. ನಮ್ಮ ಈ ನಾಲ್ಕೂ ತಾಲ್ಲೂಕು ಕೇಂದ್ರಗಳಲ್ಲಿ ಒಂದಕ್ಕೂ ಬೆಂಗಳೂರು-ಪುಣೆ ಹೆದ್ದಾರಿ ತಾಗುವುದಿಲ್ಲ. ಜಗಳೂರಿನವರು ಬಿಳಿಚೋಡು ಕಡೆಯಿಂದ, ಚನ್ನಗಿರಿಯವರು ಸಂತೇಬೆನ್ನೂರು ಕಡೆಯಿಂದ, ನ್ಯಾಮತಿ-ಹೊನ್ನಾಳಿಯವರು ಮಲೇಬೆನ್ನೂರು ಹರಿಹರ ಬಳಸಿ ಅಲ್ಲಿಗೆ ಮುಟ್ಟಬೇಕು. ಹೆದ್ದಾರಿಯಲ್ಲಿ ಸೆಡಾನ್ ಕಾರು ಬೆಣ್ಣೆಯಂತೆ ಸಾಗುತ್ತದೆ. ಅದರ ಬುಷ್ಷು, ಬಾಲ್ ಜಾಯಿಂಟು, ಶಾಕ್ ಅಬ್ಸಾರ್ಬರ್ ತಿನ್ನುವುದು ಊರೂರಿನ ಹಂಪು. ಇಂಡಿಯನ್ ರೋಡ್ಸ್ ಕಾಂಗ್ರೆಸ್ ಹೇಳುವ ಲೆಕ್ಕದಲ್ಲಿ ಹಂಪಿನ ಎತ್ತರ 10 ಸೆಂಟಿಮೀಟರ್, ಅಗಲ 3.7 ಮೀಟರ್ ಇರಬೇಕು. ನಮ್ಮಲ್ಲಿ ಹಾಕಿರುವ ಎಷ್ಟೋ ಹಂಪುಗಳು ಹೊಲದ ಬದುವಿಗೆ ಟಾರು ಬಳಿದ ಹಾಗಿವೆ. ತುಂಬಿದ ಕಾರು ಹೊಟ್ಟೆ ಉಜ್ಜದೆ ದಾಟುವುದಿಲ್ಲ. ಹೀಗೆ ಗಾಡಿ ಮುರಿಯುವ ರಸ್ತೆಯನ್ನೂ ಕೊಟ್ಟು, ಗಾಡಿ ಹಳತಾಯಿತೆಂದು ಸುಂಕವನ್ನೂ ಕೇಳುವುದು ಯಾವೂರ ನ್ಯಾಯ?

ಹೊಸದನ್ನೇ ತಗೊಳ್ಳಿ, 2025ರ ಸೆಪ್ಟೆಂಬರ್ 22ರಿಂದ ಸಣ್ಣ ಕಾರಿನ ಜಿ.ಎಸ್.ಟಿ. 18ಕ್ಕೆ ಇಳಿದಿದೆಯಲ್ಲ ಎಂದು ಷೋರೂಮಿನವರು ಹೇಳಬಹುದು. ಇಳಿದದ್ದು ನಿಜ. ಆದರೆ ಅಡಿಕೆ ಧಾರಣೆ ನಂಬಿ ಏಳು ವರ್ಷದ ಕಂತಿಗೆ ಸಹಿ ಹಾಕುವ ಎದೆ ಎಲ್ಲರಿಗೂ ಇರಬೇಕಲ್ಲ! ಸಾಲ ತೀರಿದ ಕಾರಿಗೆ ವರ್ಷಕ್ಕೆ ಮೂವತ್ತು ನಲವತ್ತು ಸಾವಿರ ಸುರಿದರೂ ಹೊಸ ಕಾರಿನ ಕೆಲವೇ ತಿಂಗಳ ಕಂತಿಗೆ ಅದು ಸಮ. ದಿನಾ ಟೋಲ್ ದಾಟುವವರು 2025ರ ಆಗಸ್ಟ್ 15ರಂದು ಜಾರಿಯಾದ ವಾರ್ಷಿಕ ಫಾಸ್ಟ್ಯಾಗ್ ಪಾಸನ್ನು ವಿಚಾರಿಸುವುದು ಒಳ್ಳೆಯದು. ಶುರುವಿನಲ್ಲಿ ಅದು 3,000 ರೂಪಾಯಿಗೆ 200 ಸಲ ದಾಟುವ ಅವಕಾಶ ಕೊಟ್ಟಿತು, ಖಾಸಗಿ ಕಾರಿಗೆ ಮಾತ್ರ. ಹೆಬ್ಬಾಳು ಟೋಲ್ ದಾಟಿ ಚಿತ್ರದುರ್ಗಕ್ಕೆ ಓಡಾಡುವವರಿಗೆ ಲಾಭವೇ.

ಖಾಸಗಿ ಎಂದೆವಲ್ಲ, ಒಂದು ಎಚ್ಚರಿಕೆ. ಬಿಳಿ ಬೋರ್ಡಿನಲ್ಲೇ ಬಾಡಿಗೆ ಹೊಡೆಯುವವರು ನಮ್ಮಲ್ಲಿ ಕಡಿಮೆ ಏನಿಲ್ಲ. ಅಪಘಾತವಾದರೆ ವಿಮಾ ಕಂಪನಿಯವರು ಇದನ್ನೇ ಹಿಡಿದು ತಗಾದೆ ತೆಗೆಯುತ್ತಾರೆ. ಕಡೇ ಬಸ್ಸು ತಪ್ಪಿ ತಲೆಗೆ ನೂರು ರೂಪಾಯಿ ಕೊಟ್ಟು ಹತ್ತಿದ ಪ್ರಯಾಣಿಕನ ಮನೆಯವರು ಕೋರ್ಟು ಅಲೆಯಬೇಕಾಗುತ್ತದೆ.

ಸಾರಿಗೆ ಇಲಾಖೆಯವರಲ್ಲಿ ನಮ್ಮದೊಂದು ಬೇಡಿಕೆ. ನವೀಕರಣಕ್ಕೆ ಜನ ಅಂಗಡಿ ಮುಚ್ಚಿ ಗಾಡಿ ಸಮೇತ ದಾವಣಗೆರೆಗೆ ಬರುವಂತಾಗಬಾರದು. ತಿಂಗಳಿಗೊಂದು ದಿನ ಗೊತ್ತುಮಾಡಿ ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರಿಗೆ ಇನ್ಸ್‌ಪೆಕ್ಟರನ್ನು ಕಳಿಸಿರಿ. ಬಂದವರು ಚಾಸಿ ನಂಬರ್ ಉಜ್ಜಿಕೊಂಡು ಹೋಗುವುದು ಬೇಡ. ಬ್ರೇಕು ತುಳಿದು ನೋಡಲಿ, ದೀಪ ಹಾಕಿಸಿ ನೋಡಲಿ, ಟಯರಿನ ಅಂಕಿ ಓದಲಿ. ಐದು ಸಾವಿರಕ್ಕೆ ಅಷ್ಟು ಕೆಲಸವಾದರೆ ಕೊಡುವವನ ಹೊಟ್ಟೆ ಉರಿಯದು. ಲೋಕೋಪಯೋಗಿ ಇಲಾಖೆಯವರೂ ಜೊತೆಗೆ ಒಂದು ಅಳತೆ ಟೇಪು ಹಿಡಿದು ಬಂದು ಹಂಪುಗಳನ್ನು ಅಳೆಯಲಿ.

ಚನ್ನಗಿರಿಯ ವರ್ತಕರ ಗಡುವಿಗೆ ಇನ್ನೂ ನಲವತ್ತು ದಿನ ಇದೆ. ಬೈಯುತ್ತಲೇ ಅರ್ಜಿ ಹಾಕಿದ್ದಾರೆ. ಭಾನುವಾರ ಗಾಡಿಯನ್ನು ಗ್ಯಾರೇಜಿಗೆ ಬಿಟ್ಟು ಬ್ರೇಕ್ ಆಯಿಲ್ ಬದಲಿಸುತ್ತಾರಂತೆ. ಸ್ಟೆಪ್ನಿಯನ್ನು ಆಗಲೇ ಇಳಿಸಿ ಹಿತ್ತಲಲ್ಲಿ ಮೊಮ್ಮಗನಿಗೆ ಉಯ್ಯಾಲೆ ಕಟ್ಟಿಕೊಟ್ಟಿದ್ದಾರೆ.