ವಿದ್ಯುತ್ ಬಿಲ್ಲಿಗೂ ಬೇಕು ಬಾಬ್ತುವಾರು ಲೆಕ್ಕ

ಬಾಡಿಗೆ, ಕೂಲಿ, ಹಮಾಲಿ, ಸಾಗಾಣಿಕೆ, ದಲ್ಲಾಳಿ, ಬಡ್ಡಿ – ಇವೆಲ್ಲಕ್ಕೂ ಪ್ರತ್ಯೇಕ ಖಾತೆ ತೆರೆದು, ವರ್ಷಾಂತ್ಯದಲ್ಲಿ ಪೈಸೆ ಪೈಸೆಗೂ ತಾಳೆ ನೋಡುವುದು ವರ್ತಕರ ಪರಂಪರಾಗತ ಶಿಸ್ತು. ಆದರೆ ಅದೇ ವರ್ತಕರು ಸಂಜೆ ಮನೆಗೆ ಮರಳಿ, ಬಾಗಿಲಿಗೆ ಸಿಕ್ಕಿಸಿದ ವಿದ್ಯುತ್ ಬಿಲ್ಲನ್ನು ಕಂಡಾಗ ಆ ಶಿಸ್ತನ್ನು ಮರೆತುಬಿಡುತ್ತಾರೆ. ‘ಮೀಟರು ಜೋರಾಗಿ ಓಡುತ್ತಿದೆ’, ‘ದರ ಮತ್ತೆ ಏರಿಸಿದ್ದಾರೆ’, ‘ಮನೆಯಲ್ಲಿ ಯಾರೂ ಲೈಟು ಆರಿಸುವುದಿಲ್ಲ’ – ಈ ಮೂರು ಮಾತುಗಳಲ್ಲಿ ಒಂದನ್ನು ಆಡಿ, ಹಣ ಕಟ್ಟಿ, ಮುಂದಿನ ತಿಂಗಳು ಮತ್ತೆ ಅದೇ ಮಾತನ್ನಾಡುತ್ತಾರೆ. ಯಾವ ಉಪಕರಣ ಎಷ್ಟು ಯೂನಿಟ್ ನುಂಗಿತು ಎಂಬ ಪ್ರಶ್ನೆ ಮಾತ್ರ ಏಳುವುದೇ ಇಲ್ಲ.

ವಿದ್ಯುತ್ ಬಿಲ್ಲೆಂಬುದು ವಿವರವಿಲ್ಲದ ಒಟ್ಟು ಮೊತ್ತ. ಕಿರಾಣಿ ಅಂಗಡಿಯವರು ತಿಂಗಳ ಕೊನೆಗೆ ‘ಒಟ್ಟು ಇಷ್ಟು’ ಎಂದು ಬರೆದ ಚೀಟಿಯನ್ನು ಕೊಟ್ಟರೆ ಯಾವ ಗಿರಾಕಿಯೂ ಒಪ್ಪಲಾರರು. ಅಕ್ಕಿಗೆಷ್ಟು, ಬೇಳೆಗೆಷ್ಟು ಎಂದು ಕೇಳಿಯೇ ಕೇಳುತ್ತಾರೆ. ವಿದ್ಯುತ್ತಿನ ವಿಷಯದಲ್ಲಿ ಆ ವಿವರವನ್ನು ಸರಬರಾಜು ಕಂಪನಿ ಕೊಡಲಾರದು. ಅದನ್ನು ಗ್ರಾಹಕರೇ ಬರೆದುಕೊಳ್ಳಬೇಕು. ಹಾಗೆ ಬರೆದುಕೊಂಡವರಿಗೆ ಮಾತ್ರ ತಿಳಿಯುವ ಸಂಗತಿಯೆಂದರೆ, ಸಂಶಯಕ್ಕೆ ಗುರಿಯಾದ ಉಪಕರಣವೇ ಬೇರೆ, ನಿಜವಾಗಿ ಖರ್ಚು ಮಾಡುವ ಉಪಕರಣವೇ ಬೇರೆ.

ಎರಡು ಅಂಕಿಗಳ ಗುಣಾಕಾರ

ಉಪಕರಣದ ವ್ಯಾಟ್ ಪ್ರಮಾಣವನ್ನು ಅದು ನಡೆಯುವ ಗಂಟೆಗಳಿಂದ ಗುಣಿಸಿ, ಸಾವಿರದಿಂದ ಭಾಗಿಸಿದರೆ ಯೂನಿಟ್ ಸಿಗುತ್ತದೆ. ಇಷ್ಟು ಸರಳವಾದ ಲೆಕ್ಕದಲ್ಲಿ ಜನರು ತಪ್ಪುವುದು ಎರಡು ಬಗೆಯಲ್ಲಿ. ಕೆಲವರು ವ್ಯಾಟ್‌ಗಳನ್ನು ಮಾತ್ರ ನೋಡಿ ಮಿಕ್ಸಿಗೆ ಹೆದರುತ್ತಾರೆ. 750 ವ್ಯಾಟಿನ ಮಿಕ್ಸಿ ದಿನಕ್ಕೆ ಹತ್ತು ನಿಮಿಷ ತಿರುಗಿದರೆ ತಿಂಗಳಿಗೆ ನಾಲ್ಕು ಯೂನಿಟ್ ದಾಟುವುದಿಲ್ಲ. ಇನ್ನು ಕೆಲವರು ಕಣ್ಣಿಗೆ ಕಾಣುವ ಬೆಳಕನ್ನು ಮಾತ್ರ ನೋಡಿ ದೀಪಗಳ ಹಿಂದೆ ಬೀಳುತ್ತಾರೆ. 60 ವ್ಯಾಟಿನ ಬುರುಡೆ ಬಲ್ಬುಗಳ ಕಾಲದಲ್ಲಿ ಆ ಎಚ್ಚರಿಕೆಗೆ ಅರ್ಥವಿತ್ತು. 9 ವ್ಯಾಟಿನ ಎಲ್‌ಇಡಿ ಬಲ್ಬು ಬಂದ ಮೇಲೆ ದೀಪಗಳ ಪಾಲು ತೀರಾ ಕುಗ್ಗಿದೆ. ಗದರಿಕೆಯ ಮಾತು ಮಾತ್ರ ಹಳೆಯದೇ ಉಳಿದಿದೆ.

ಅಂಗಡಿಯ ಮೇಲ್ಮಹಡಿಯಲ್ಲೇ ವಾಸಿಸುವ ಐದು ಜನರ ಒಂದು ವರ್ತಕ ಕುಟುಂಬವನ್ನು ಉದಾಹರಣೆಗಾಗಿ ಕಲ್ಪಿಸಿಕೊಳ್ಳಬಹುದು. ಎಸಿ ಇಲ್ಲ, ಉಳಿದ ಸಾಮಾನ್ಯ ಸೌಕರ್ಯಗಳಿವೆ. ಅವರ ಒಂದು ತಿಂಗಳ ಬಳಕೆಯನ್ನು ಹೀಗೆ ವಿಂಗಡಿಸಬಹುದು:

ಗೀಸರು – 60 ಯೂನಿಟ್
ಮೂರು ಫ್ಯಾನುಗಳು (75 ವ್ಯಾಟ್, ದಿನಕ್ಕೆ 8 ಗಂಟೆ) – 54 ಯೂನಿಟ್
ಹಳೆಯ ಫ್ರಿಜ್ಜು – 45 ಯೂನಿಟ್
ನೀರೆತ್ತುವ ಪಂಪು (ದಿನಕ್ಕೆ ಮುಕ್ಕಾಲು ಗಂಟೆ) – 22 ಯೂನಿಟ್
ಟಿವಿ – 12 ಯೂನಿಟ್
ಎಂಟು ಎಲ್‌ಇಡಿ ದೀಪಗಳು – 11 ಯೂನಿಟ್
ಹಗಲಿರುಳೂ ಆರಿಸದ ಸೆಟ್‌ಟಾಪ್ ಬಾಕ್ಸ್ – 7 ಯೂನಿಟ್
ಇಸ್ತ್ರಿ ಪೆಟ್ಟಿಗೆ – 7 ಯೂನಿಟ್
ಬಟ್ಟೆ ಒಗೆಯುವ ಯಂತ್ರ – 5 ಯೂನಿಟ್
ಮಿಕ್ಸಿ – 4 ಯೂನಿಟ್

ಒಟ್ಟು 227 ಯೂನಿಟ್. ಇದರಲ್ಲಿ ಮೊದಲ ಮೂರು ಬಾಬ್ತುಗಳೇ 159 ಯೂನಿಟ್, ಅಂದರೆ ನೂರಕ್ಕೆ ಎಪ್ಪತ್ತು ಪಾಲು. ದಾಸ್ತಾನಿನಲ್ಲಿ ಕೆಲವೇ ಸರಕುಗಳು ಬಹುಪಾಲು ಬಂಡವಾಳವನ್ನು ಹಿಡಿದಿಡುವುದನ್ನು ಬಲ್ಲ ವರ್ತಕರಿಗೆ ಇದು ಅಪರಿಚಿತ ದೃಶ್ಯವಲ್ಲ. ದೀಪಗಳೆಲ್ಲವನ್ನೂ ಆರಿಸಿ ಕತ್ತಲಲ್ಲಿ ಕುಳಿತರೂ ಈ ಮನೆಯಲ್ಲಿ ಉಳಿಯುವುದು 11 ಯೂನಿಟ್ ಮಾತ್ರ. ಇನ್ನು ಬೇಸಿಗೆಯಲ್ಲಿ ಒಂದೂವರೆ ಟನ್ನಿನ ಎಸಿ ಗಂಟೆಗೆ ಒಂದು ಯೂನಿಟ್‌ನಂತೆ ರಾತ್ರಿ ಎಂಟು ಗಂಟೆ ನಡೆದರೆ, ಅದೊಂದೇ 240 ಯೂನಿಟ್ ಆಗಿ ಮೇಲಿನ ಇಡೀ ಪಟ್ಟಿಯನ್ನು ಮೀರಿಸುತ್ತದೆ. 2020ರ ಜನವರಿ 1ರಿಂದ ಕೊಠಡಿ ಎಸಿಗಳು ತಾವಾಗಿ 24 ಡಿಗ್ರಿಗೆ ನಿಲ್ಲುವಂತೆ ಕಾರ್ಖಾನೆಯಲ್ಲೇ ಹೊಂದಿಸಿರಬೇಕೆಂದು ಸರ್ಕಾರ ವಿಧಿಸಿದ್ದು ಇದೇ ಕಾರಣಕ್ಕೆ.

ಬಚ್ಚಲೊಲೆಯಿಂದ ಬಿಲ್ಲಿಗೆ

ಪಟ್ಟಿಯ ಮೊದಲ ಸ್ಥಾನದಲ್ಲಿರುವ ಗೀಸರಿನ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು. ಹಿಂದೆ ಸ್ನಾನದ ನೀರು ಕಾಯುತ್ತಿದ್ದುದು ಬಚ್ಚಲೊಲೆಯ ಮೇಲಿನ ಹಂಡೆಯಲ್ಲಿ. ಅದಕ್ಕೆ ಉರಿಯುತ್ತಿದ್ದುದು ತೆಂಗಿನ ಮಟ್ಟೆ, ಚಿಪ್ಪು, ಅಡಿಕೆ ಸಿಪ್ಪೆ, ಪುರಲೆ. ಆ ಖರ್ಚು ಯಾವ ಖಾತೆಗೂ ಬರುತ್ತಿರಲಿಲ್ಲ. ಈಗ ಅದೇ ಬಿಸಿನೀರಿನ ಬೆಲೆ ಬಿಲ್ಲಿನಲ್ಲಿ ಕಾಣಿಸುತ್ತಿದೆ. ಅಂದರೆ ಮನೆಯ ಅಗತ್ಯ ಹೆಚ್ಚಿಲ್ಲ. ಖರ್ಚು ಒಂದು ಖಾತೆಯಿಂದ ಮತ್ತೊಂದಕ್ಕೆ ವರ್ಗವಾಗಿದೆ.

ನೀರನ್ನು ಕಾಯಿಸುವುದಕ್ಕೆ ಪ್ರಕೃತಿ ವಿಧಿಸಿರುವ ದರದಲ್ಲಿ ಚೌಕಾಸಿಗೆ ಎಡೆಯಿಲ್ಲ. ಒಂದು ಲೀಟರು ನೀರನ್ನು ಒಂದು ಡಿಗ್ರಿ ಬಿಸಿ ಮಾಡಲು ಒಂದು ಕಿಲೋ ಕ್ಯಾಲರಿ ಬೇಕು; 860 ಕಿಲೋ ಕ್ಯಾಲರಿಗೆ ಒಂದು ಯೂನಿಟ್. 25 ಡಿಗ್ರಿಯ ಇಪ್ಪತ್ತು ಲೀಟರು ನೀರು 40 ಡಿಗ್ರಿಗೆ ಏರಲು 300 ಕಿಲೋ ಕ್ಯಾಲರಿ, ಅಂದರೆ ಸುಮಾರು 0.35 ಯೂನಿಟ್. ಐವರ ಸ್ನಾನಕ್ಕೆ 1.75 ಯೂನಿಟ್, ಪಾತ್ರೆಯಿಂದಲೂ ಕೊಳವೆಯಿಂದಲೂ ಸೋರಿಹೋಗುವ ಶಾಖವನ್ನು ಸೇರಿಸಿದರೆ ದಿನಕ್ಕೆ ಎರಡು ಯೂನಿಟ್. ದುಬಾರಿ ಗೀಸರು ಕೊಂಡ ಮಾತ್ರಕ್ಕೆ ಮೊದಲ ಅಂಕಿ ಬದಲಾಗದು. ಬದಲಾಗುವುದು ಸೋರಿಕೆಯ ಭಾಗವಷ್ಟೇ. ಆದಕಾರಣ ಬೆಳಿಗ್ಗೆ ಐದಕ್ಕೆ ಹಾಕಿದ ಸ್ವಿಚ್ಚನ್ನು ಹತ್ತರವರೆಗೆ ಬಿಡುವುದು, ನೀರನ್ನು 65 ಡಿಗ್ರಿಗೆ ಕಾಯಿಸಿ ಆಮೇಲೆ ತಣ್ಣೀರು ಬೆರೆಸುವುದು ವ್ಯರ್ಥ ವ್ಯಯ. ಗಣನೀಯ ಉಳಿತಾಯ ಬೇಕೆಂದರೆ ಕಾಯಿಸುವ ಕೆಲಸವನ್ನೇ ಸೂರ್ಯನಿಗೆ ವಹಿಸಬೇಕು.

ಮೀಟರನ್ನೇ ಸಾಕ್ಷಿಯಾಗಿಸುವ ಕ್ರಮ

ಮೇಲಿನ ಪಟ್ಟಿ ಒಂದು ಮಾದರಿ ಮಾತ್ರ. ಪ್ರತಿಯೊಂದು ಮನೆಯ ಪಟ್ಟಿಯೂ ಬೇರೆಯೇ ಆಗಿರುತ್ತದೆ. ಅದನ್ನು ಸಿದ್ಧಪಡಿಸಲು ತಜ್ಞರು ಬೇಕಿಲ್ಲ. ಗೋಡೆಯ ಮೇಲಿನ ಮೀಟರೇ ಸಾಕು. ಎಲೆಕ್ಟ್ರಾನಿಕ್ ಮೀಟರಿನ ಮುಖದ ಮೇಲೆ ಒಂದು ಯೂನಿಟ್‌ಗೆ ಇಷ್ಟು ಇಂಪಲ್ಸ್ ಎಂದು ಮುದ್ರಿಸಿರುತ್ತಾರೆ. 3200 ಎಂದು ಇದ್ದರೆ, ಅದರ ಕೆಂಪು ದೀಪ 3200 ಬಾರಿ ಮಿನುಗಿದಾಗ ಒಂದು ಯೂನಿಟ್. ಅಂತಹ ಮೀಟರಿನಲ್ಲಿ ನಿಮಿಷಕ್ಕೊಂದು ಮಿನುಗು ಎಂದರೆ ಸುಮಾರು 19 ವ್ಯಾಟ್. ಎಲ್ಲವನ್ನೂ ಆರಿಸಿ ಒಂದು ಫ್ಯಾನನ್ನು ಮಾತ್ರ ಹಾಕಿದಾಗ ದೀಪ ನಿಮಿಷಕ್ಕೆ ನಾಲ್ಕು ಬಾರಿ ಮಿನುಗಿದರೆ ಆ ಫ್ಯಾನು 75 ವ್ಯಾಟಿನದು. ಎರಡಕ್ಕಿಂತ ಕಡಿಮೆಯಾದರೆ ಅದು ಹೊಸ ಬಗೆಯ ಬಿಎಲ್‌ಡಿಸಿ ಫ್ಯಾನಾಗಿರಬೇಕು.

ಈ ಪರೀಕ್ಷೆಯ ಮೊದಲ ಹೆಜ್ಜೆಯೇ ಅತ್ಯಂತ ಮಹತ್ವದ್ದು. ಮನೆಯ ಎಲ್ಲ ಸ್ವಿಚ್ಚುಗಳನ್ನೂ ಆರಿಸಿ, ಪ್ಲಗ್ಗುಗಳನ್ನು ಕಿತ್ತ ನಂತರವೂ ಕೆಂಪು ದೀಪ ಮಿನುಗುತ್ತಿದ್ದರೆ, ಎಲ್ಲೋ ವಿದ್ಯುತ್ ಸೋರುತ್ತಿದೆ ಅಥವಾ ಯಾರದೋ ತಂತಿ ಆ ಮೀಟರಿಗೆ ಸೇರಿದೆ ಎಂದು ತಿಳಿಯಬೇಕು. ಹಳೆಯ ಪೇಟೆಗಳ ಪಾಲಾದ ಮನೆಗಳಲ್ಲಿ ಇದು ಅಪರೂಪವಲ್ಲ. ಮಿನುಗು ನಿಂತರೂ ಬಿಲ್ಲಿನ ಮೇಲೆ ಸಂಶಯ ಉಳಿದಿದ್ದರೆ ಶುಲ್ಕ ಕಟ್ಟಿ ಮೀಟರಿನ ಪರೀಕ್ಷೆ ಮಾಡಿಸಬಹುದು.

ಫ್ರಿಜ್ಜಿನ ಕಂಪ್ರೆಸರು ಆಗಾಗ ನಿಂತು ಆಗಾಗ ನಡೆಯುವುದರಿಂದ ನಿಮಿಷದ ಎಣಿಕೆ ಅದಕ್ಕೆ ಒಗ್ಗದು. ಮನೆಮಂದಿ ಊರಿಗೆ ಹೋಗುವ ದಿನ ಅದೊಂದನ್ನೇ ಚಾಲೂ ಇಟ್ಟು, ಹೊರಡುವಾಗ ಮತ್ತು ಮರಳಿದಾಗ ಮೀಟರಿನ ಅಂಕಿ ಬರೆದುಕೊಂಡರೆ ಫ್ರಿಜ್ಜಿನ ನಿಜವಾದ ಬಳಕೆ ತಾನಾಗಿ ಹೊರಬೀಳುತ್ತದೆ.

ದುಂದು ಮಾಡುವುದೆಲ್ಲ ಬದಲಿಸತಕ್ಕದ್ದಲ್ಲ

ದುಂದು ಮಾಡುವ ಉಪಕರಣ ಪತ್ತೆಯಾದ ಕೂಡಲೇ ಹೊಸದನ್ನು ಕೊಳ್ಳುವುದು ಎರಡನೆಯ ತಪ್ಪು. ಇಲ್ಲಿ ಬಂಡವಾಳ ಮತ್ತು ಪ್ರತಿಫಲದ ಲೆಕ್ಕ ಬರಬೇಕು. ತೆರಿಗೆ, ಸರ್‌ಚಾರ್ಜು ಸೇರಿ ಮನೆಯ ಯೂನಿಟ್‌ಗೆ 6.50 ರೂ., ಅಂಗಡಿಯ ಯೂನಿಟ್‌ಗೆ 8 ರೂ. ಎಂದು ಇಟ್ಟುಕೊಳ್ಳೋಣ.

ತಿಂಗಳಿಗೆ 45 ಯೂನಿಟ್ ತಿನ್ನುವ ಹಳೆಯ ಫ್ರಿಜ್ಜಿನ ಬದಲು 18 ಯೂನಿಟ್ ಸಾಕೆನ್ನುವ ಹೊಸತನ್ನು 25,000 ರೂ. ಕೊಟ್ಟು ತಂದರೆ ವರ್ಷಕ್ಕೆ ಉಳಿಯುವುದು 324 ಯೂನಿಟ್, ಅಂದರೆ 2,106 ರೂ. ಬಂಡವಾಳ ಮರಳಲು ಹನ್ನೆರಡು ವರ್ಷ ಬೇಕು. ಬಿಲ್ಲಿನ ಕಾರಣಕ್ಕಾಗಿಯೇ ಫ್ರಿಜ್ಜು ಬದಲಿಸುವುದು ಲಾಭದಾಯಕವಲ್ಲ. ಬಾಗಿಲಿನ ಸವೆದ ರಬ್ಬರು ಬದಲಿಸಿ, ಹಿಂಬದಿಯ ಧೂಳು ಕೊಡವಿ, ಗೋಡೆಯಿಂದ ಅಂಗೈ ಅಗಲ ದೂರ ಸರಿಸುವುದು ಜಾಣತನ. ಅದೇ 25,000 ರೂ.ಗಳನ್ನು ಸೌರ ನೀರಿನ ಹೀಟರಿಗೆ ಹಾಕಿ, ಅದು ವರ್ಷದ ಹತ್ತು ತಿಂಗಳು ಗೀಸರಿನ ಕೆಲಸ ಮಾಡಿದರೆ 600 ಯೂನಿಟ್, ಅಂದರೆ 3,900 ರೂ. ಉಳಿಯುತ್ತದೆ. ಆರೂವರೆ ವರ್ಷದೊಳಗೆ ಹಣ ಮರಳುತ್ತದೆ.

ಫ್ಯಾನಿನ ಲೆಕ್ಕ ಇನ್ನೂ ಬೋಧಪ್ರದ. 3,000 ರೂ.ಗೆ 30 ವ್ಯಾಟಿನ ಫ್ಯಾನು ಕೊಂಡು ಮನೆಯಲ್ಲಿ ದಿನಕ್ಕೆ 8 ಗಂಟೆಯಂತೆ ವರ್ಷಕ್ಕೆ 300 ದಿನ ನಡೆಸಿದರೆ ಉಳಿತಾಯ 702 ರೂ.; ಹಣ ಮರಳಲು ನಾಲ್ಕು ವರ್ಷಕ್ಕೂ ಹೆಚ್ಚು. ಅದೇ ಫ್ಯಾನು ಅಂಗಡಿಯಲ್ಲಿ 12 ಗಂಟೆ ತಿರುಗಿದರೆ 1,296 ರೂ. ಉಳಿದು, ಎರಡು ವರ್ಷ ನಾಲ್ಕು ತಿಂಗಳಲ್ಲಿ ಹಣ ಮರಳುತ್ತದೆ. ಆದ್ದರಿಂದ ಹೊಸ ಫ್ಯಾನಿನ ಸ್ಥಾನ ಮೊದಲು ಗಲ್ಲಾಪೆಟ್ಟಿಗೆಯ ಮೇಲೆ, ಆಮೇಲೆ ಮಲಗುವ ಕೋಣೆಯಲ್ಲಿ. ಬಾಗಿಲು ಸರಿಯಾಗಿ ಮುಚ್ಚದ ತಂಪುಪಾನೀಯದ ಪೆಟ್ಟಿಗೆ, ಕೆಲಸವಿಲ್ಲದಾಗಲೂ ತಿರುಗುವ ಮೋಟಾರು, ಗಾಳಿ ಸೋರುವ ಕಂಪ್ರೆಸರಿನ ಕೊಳವೆ ಇವುಗಳನ್ನೂ ಇದೇ ತಕ್ಕಡಿಯಲ್ಲಿ ತೂಗಬೇಕು.

200ರ ಗೆರೆ ಮತ್ತು ಕೆಳಮಹಡಿಯ ತಂತಿ

ಗೃಹಜ್ಯೋತಿ ಯೋಜನೆ 2023ರಲ್ಲಿ ಜಾರಿಗೆ ಬಂದ ಮೇಲೆ ಮನೆಯ ಬಾಬ್ತುವಾರು ಲೆಕ್ಕದ ಅಗತ್ಯ ಕಡಿಮೆಯಾಯಿತೆಂದು ಭಾವಿಸಿದವರುಂಟು. ವಾಸ್ತವವಾಗಿ ಅದು ಹೆಚ್ಚಾಗಿದೆ. ಅರ್ಹತೆಯ ಪ್ರಮಾಣ ಮೀರಿಯೂ 200 ಯೂನಿಟ್‌ನೊಳಗೆ ಇದ್ದರೆ ಹೆಚ್ಚುವರಿ ಬಳಕೆಗೆ ಮಾತ್ರ ಹಣ ತೆರಬೇಕು. ಬಳಕೆ 200ನ್ನು ದಾಟಿದ ತಿಂಗಳು ಇಡೀ ಬಿಲ್ಲನ್ನೇ ತೆರಬೇಕು ಎಂಬುದು ಆಗ ವಿಧಿಸಿದ ನಿಯಮ. 199 ಮತ್ತು 201ರ ನಡುವಿನ ಅಂತರ ಎರಡು ಯೂನಿಟ್. ಆದರೆ ರೂಪಾಯಿಯಲ್ಲಿ ಅದು ಸಾವಿರ ದಾಟಬಹುದು. ಈ ಗೆರೆಯ ಸಮೀಪ ಇರುವ ಕುಟುಂಬಕ್ಕೆ ಸೆಟ್‌ಟಾಪ್ ಬಾಕ್ಸಿನ ಏಳು ಯೂನಿಟ್ ಕೂಡ ಅಲ್ಪವಲ್ಲ.

ಅಂಗಡಿ ಮತ್ತು ಮನೆ ಒಂದೇ ಕಟ್ಟಡದಲ್ಲಿರುವ ವರ್ತಕರು ಮತ್ತೊಂದು ಅಂಶವನ್ನು ಗಮನಿಸಲೇಬೇಕು. ಕೆಳಗಿನ ಅಂಗಡಿಯ ಫ್ರಿಜ್ಜಿಗೋ ಗೋದಾಮಿನ ದೀಪಕ್ಕೋ ಮೇಲಿನ ಮನೆಯ ಮೀಟರಿನಿಂದ ತಂತಿ ಎಳೆದಿರುವುದು ಹಲವೆಡೆ ರೂಢಿ. 2003ರ ವಿದ್ಯುಚ್ಛಕ್ತಿ ಕಾಯ್ದೆಯ 126ನೇ ಪ್ರಕರಣದಂತೆ, ಮಂಜೂರಾದ ಉದ್ದೇಶ ಬಿಟ್ಟು ಬೇರೆ ಉದ್ದೇಶಕ್ಕೆ ವಿದ್ಯುತ್ ಬಳಸುವುದು ಅನಧಿಕೃತ ಬಳಕೆ. ಅದಕ್ಕೆ ಅನ್ವಯಿಸುವ ದರದ ಎರಡರಷ್ಟನ್ನು ವಿಧಿಸಲು ಅವಕಾಶವಿದೆ. ಬಳಕೆಯ ಅವಧಿ ಗೊತ್ತಾಗದಿದ್ದರೆ ಹಿಂದಿನ ಹನ್ನೆರಡು ತಿಂಗಳಿಗೂ ಲೆಕ್ಕ ಹಾಕಬಹುದು. ತಿಂಗಳಿಗೆ ಐವತ್ತು ರೂಪಾಯಿ ಉಳಿಸಲು ಹೋಗಿ ಇಂತಹ ಹೊರೆಯನ್ನು ಆಹ್ವಾನಿಸುವುದು ವ್ಯಾಪಾರವಲ್ಲ. ಮೀಟರಿನ ಪರೀಕ್ಷೆಯಲ್ಲಿ ಇಂತಹ ಮರೆತುಹೋದ ತಂತಿಯೊಂದು ಸಿಕ್ಕಿದರೆ, ಅದನ್ನು ಅಂದೇ ಕಳಚಿ ಸರಿಯಾದ ಮೀಟರಿಗೆ ಸೇರಿಸುವುದು ಹಿತ.

ಮಾರುವವರ ಹೊಣೆ

ಕೊಳ್ಳುವವರಿಗೆ ಹೇಳಿದಂತೆ ಮಾರುವವರಿಗೂ ಒಂದು ಮಾತು ಸಲ್ಲುತ್ತದೆ. ಗೃಹೋಪಯೋಗಿ ವಸ್ತುಗಳ ವಿತರಕರಲ್ಲಿ ವಾಣಿಜ್ಯ ಸಂಸ್ಥೆಗಳ ಸದಸ್ಯರು ಅನೇಕರಿದ್ದಾರೆ. ಇಂಧನ ದಕ್ಷತಾ ಬ್ಯೂರೋ 2006ರಲ್ಲಿ ಆರಂಭಿಸಿದ ನಕ್ಷತ್ರದ ಗುರುತು ಇಂದು ಗಿರಾಕಿಗಳಿಗೆ ಪರಿಚಿತ. ಆದರೆ ಫ್ರಿಜ್ಜಿನ ಅದೇ ಚೀಟಿಯಲ್ಲಿ ಮುದ್ರಿತವಾಗಿರುವ ವಾರ್ಷಿಕ ಯೂನಿಟ್ ಸಂಖ್ಯೆಯತ್ತ ಯಾರ ಕಣ್ಣೂ ಹೋಗುವುದಿಲ್ಲ. ನಕ್ಷತ್ರದ ಮಾನದಂಡವನ್ನು ಕಾಲಕಾಲಕ್ಕೆ ಬಿಗಿಗೊಳಿಸುತ್ತಾರಾದ್ದರಿಂದ ಹತ್ತು ವರ್ಷದ ಹಿಂದಿನ ಐದು ನಕ್ಷತ್ರಗಳೂ ಇಂದಿನ ಐದು ನಕ್ಷತ್ರಗಳೂ ಒಂದೇ ಅಲ್ಲ. ಯೂನಿಟ್ ಸಂಖ್ಯೆ ಮಾತ್ರ ನೇರವಾಗಿ ಹೋಲಿಸಲು ಒದಗುತ್ತದೆ. ಬೆಲೆಯ ಪಟ್ಟಿಯ ಪಕ್ಕದಲ್ಲೇ ಆ ಸಂಖ್ಯೆಯನ್ನು ಕನ್ನಡದಲ್ಲಿ ದಪ್ಪಕ್ಷರದಲ್ಲಿ ಬರೆದಿಡುವ ಅಂಗಡಿಗೆ ಗಿರಾಕಿಯ ವಿಶ್ವಾಸ ಕುಂದದು, ಹೆಚ್ಚುತ್ತದೆ.

ವಾಣಿಜ್ಯ ಸಂಸ್ಥೆಗಳೂ ಒಂದು ಸಣ್ಣ ಕೆಲಸ ಮಾಡಬಹುದು. ಪ್ಲಗ್ಗಿಗೆ ಸಿಕ್ಕಿಸಿ ಉಪಕರಣದ ಬಳಕೆಯನ್ನು ಯೂನಿಟ್‌ಗಳಲ್ಲಿ ತೋರಿಸುವ ಪುಟ್ಟ ಮಾಪಕಗಳು ಮಾರುಕಟ್ಟೆಯಲ್ಲಿ ದೊರೆಯುತ್ತವೆ. ಅಂತಹ ನಾಲ್ಕಾರು ಮಾಪಕಗಳನ್ನು ಕಚೇರಿಯಲ್ಲಿಟ್ಟು, ಗ್ರಂಥಾಲಯದ ಪುಸ್ತಕದಂತೆ ವಾರದ ಮಟ್ಟಿಗೆ ಸದಸ್ಯರಿಗೆ ಎರವಲು ಕೊಟ್ಟರೆ, ಅದು ಹಲವು ಉಪನ್ಯಾಸಗಳಿಗಿಂತ ಹೆಚ್ಚಿನ ಉಪಕಾರ ಮಾಡೀತು.

ವಿದ್ಯುತ್ ದರವನ್ನು ನಿಗದಿಪಡಿಸುವುದು ನಿಯಂತ್ರಣ ಆಯೋಗ. ಅದರ ಮುಂದೆ ಆಕ್ಷೇಪಣೆ ಸಲ್ಲಿಸುವುದು ವಾಣಿಜ್ಯ ಸಂಸ್ಥೆಗಳ ಹಕ್ಕು, ಕರ್ತವ್ಯ ಕೂಡ. ಆದರೆ ದರವನ್ನು ಪ್ರಶ್ನಿಸುವವರ ಕೈಯಲ್ಲಿ ತಮ್ಮ ಬಳಕೆಯ ಲೆಕ್ಕವೂ ಇರಬೇಕು. ಹನಿ ಹನಿಗೂಡಿದರೆ ಹಳ್ಳ ಎಂಬ ಗಾದೆ ನಿಜ. ಯಾವ ಕೊಡದಿಂದ ಎಷ್ಟು ಹನಿ ಸೋರುತ್ತಿದೆ ಎಂದು ಮೊದಲು ನೋಡಿದವರು ಮಾತ್ರ ಆ ಹಳ್ಳವನ್ನು ಮನೆಯ ಕಡೆಗೆ ತಿರುಗಿಸಬಲ್ಲರು. ಮುಂದಿನ ಬಿಲ್ಲು ಬರುವ ಮುನ್ನ ಒಂದು ಭಾನುವಾರದ ಬೆಳಿಗ್ಗೆ, ಒಂದು ಗಡಿಯಾರ, ಒಂದು ಪೆನ್ಸಿಲು, ಹಳೆಯ ಖಾತೆ ಪುಸ್ತಕದ ಒಂದು ಖಾಲಿ ಹಾಳೆ – ಇಷ್ಟಿದ್ದರೆ ಈ ಲೆಕ್ಕವನ್ನು ಆರಂಭಿಸಬಹುದು.